ಮೂರನೆಯ ರಾತ್ರಿಯ ಲೆಕ್ಕ

ಸ್ಲೈಡೆಲ್‌ಗೆ ಜೂನ್ ಬಂತು.
ಕರೆಂಟು ಬಿಲ್ಲಿನ ಬೆನ್ನಿಗೆ, ಮೊಂಡು ಪೆನ್ಸಿಲಿನಲ್ಲಿ
ಓಡೀಲ್ ರೋಬಿಶೋ ವ್ಯಾಟು ಕೂಡುತ್ತ ಕೂತಳು:
ಫ್ರಿಜ್ಜು ನೂರೈವತ್ತು.
ಗಂಡನ ಉಸಿರಿನ ಯಂತ್ರ ಮುನ್ನೂರೈವತ್ತು.
ಸಿಗಡಿ ತುಂಬಿದ ಫ್ರೀಜರು — ಹೊಡೆದು ಹಾಕಿದಳು;
ಕರಗಿದರೆ ಬೀದಿಗೆಲ್ಲ ಬೇಯಿಸಿ ಬಡಿಸಿದರಾಯಿತು.

ಜನರೇಟರಿನವನು: ಗ್ಯಾಸು ಇರುವ ತನಕ
ವಾರವಾದರೂ ಓಡುತ್ತೆ.
ಬ್ಯಾಟರಿಯವಳು: ಒಂದೂವರೆ ರಾತ್ರಿ,
ಆಮೇಲೆ ಬಿಸಿಲು ಬರಬೇಕು.
ಬಿಸಿಲೇನು ಕರೆದಾಗ ಬರುವ ನೆಂಟನೇ?

ಆದರೆ ಹೋದ ಬಿರುಗಾಳಿಗೆ
ಬಾಡಿಗೆ ಜನರೇಟರು ಕಿಟಕಿಯಾಚೆ ಗುಡುಗುವಾಗ
ಒಳಗೆ ಅವನು ಕೂಗಿದ್ದು, ಮೂರು ಸಲವಂತೆ,
ಅವಳಿಗೆ ಕೇಳಿರಲಿಲ್ಲ.
ನೀರು ಬೇಕಿತ್ತು, ಅಷ್ಟೇ, ಅನ್ನುತ್ತಾನೆ.

ಬ್ಯಾಟರಿಗೇ ಸಹಿ ಹಾಕಿದಳು.
ಈಗ ಮೂರನೆಯ ರಾತ್ರಿಗೆಂದು
ಬೇಲಿಯಾಚೆ ತುಯೆತ್‌ಳ ಜನರೇಟರಿನವರೆಗೆ
ಕೇಬಲ್ಲು ಎಷ್ಟುದ್ದ ಬೇಕೋ
ಹೆಜ್ಜೆಯಲ್ಲಿ ಅಳೆಯುತ್ತಿದ್ದಾಳೆ:
ಇಪ್ಪತ್ತೆಂಟು, ಇಪ್ಪತ್ತೊಂಬತ್ತು,
ಬೇಲಿ.