ಎರಡು ಹಾಳೆ ಕಾಣೆ

ಕೊಬ್ಬರಿ ಮೂಟೆ ಒಯ್ಯಲು ಬರುವ ಹಡಗೇ ಅದನ್ನು ತಂದುಹಾಕಿತು,
ಅಕ್ಕಿ, ಬಿಸ್ಕತ್ತು, ಸೀಮೆಎಣ್ಣೆ ಡಬ್ಬಗಳ ನಡುವೆ.
ಯಾವುದೋ ದೇಶದ ಯಾವುದೋ ಶಾಲೆ
ಹಳತಾಯಿತೆಂದು ಕೊಟ್ಟ ಚಿತ್ರದ ಅಟ್ಲಾಸು.
ತೆರೆದರೆ ಇವತ್ತಿಗೂ ಸೀಮೆಎಣ್ಣೆ ವಾಸನೆ.
ಮೊದಲ ಪುಟದಲ್ಲಿ ಯಾರೋ ಹುಡುಗಿ ತನ್ನ ಹೆಸರು ಬರೆದು,
ಹೊಡೆದುಹಾಕಿ, ಮತ್ತೆ ಬರೆದಿದ್ದಳು.

ಹದಿನೇಳು ಮಕ್ಕಳು, ಒಂದು ಚಾಪೆ, ಒಂದು ಪುಸ್ತಕ.
ಮೊದಲೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದು
‘ಇದು ನದಿ’ ಅಂದರೆ ನಂಬುತ್ತಿದ್ದರು ಪಾಪ,
ನದಿ ಕಾಣದವಳು ಹೇಳಿದ್ದನ್ನು
ನದಿ ಕಾಣದವರು.

ಈಗ ಹಾಗಲ್ಲ.
ಮರಳಿನ ಮೇಲೆ ಒಂಟೆ, ಮಂಜಿನ ಮೇಲೆ ಕರಡಿ,
ಚಹಾ ಕೀಳುವ ಹೆಂಗಸಿನ ಬೆನ್ನಿಗೆ
ಅವಳ ದೇಶಕ್ಕಿಂತ ದೊಡ್ಡ ಬುಟ್ಟಿ.
ಅವಳಿಗೆ ಸಂಬಳ ಎಷ್ಟು?
ಕರಡಿ ಈಜುತ್ತಾ ಹೊರಟರೆ ಇಲ್ಲಿಗೆ ಎಷ್ಟು ದಿನ?
ಒಂಟೆಗೆ ಮೀನು ಸೇರುತ್ತದೆಯೆ?
ದಿನಕ್ಕೆ ಹತ್ತು ಸಲ ‘ಗೊತ್ತಿಲ್ಲ’ ಅಂದೆ.
ಹೀಗೆ ಅನ್ನುವುದು ಇಷ್ಟು ಹಗುರವೆಂದು
ಮೂವತ್ತು ವರ್ಷ ಪಾಠ ಮಾಡಿಯೂ ತಿಳಿದಿರಲಿಲ್ಲ.

ಬೆಟ್ಟದ ಚಿತ್ರದ ಮೇಲೆ ಬೆರಳಾಡಿಸಿ
‘ನುಣ್ಣಗಿದೆ’ ಅಂದಳು ರೋತಿಯಾ.
ದೂರದ್ದೂ ಇಲ್ಲ ಹತ್ತಿರದ್ದೂ ಇಲ್ಲ, ನಮಗೆ ಬೆಟ್ಟ;
ನಮ್ಮ ನೆಲ ಎಷ್ಟು ಮೈಮುರಿದು ಎದ್ದರೂ
ಒಬ್ಬರ ಹೆಗಲ ಮೇಲೆ ಇನ್ನೊಬ್ಬರು, ಅಷ್ಟೇ ಎತ್ತರ.
ಹಾಗಾದರೆ ತೆಂಗಿನ ಮೇಲೆ ತೆಂಗು ನಿಲ್ಲಿಸೋಣ ಅಂದೆ.
ಲೆಕ್ಕ ಮಾಡಿದೆವು. ಆಫ್ರಿಕದ ಆ ಬಿಳಿತಲೆಯವನಿಗೆ
ಮುನ್ನೂರು ಮರ.
ಎಲ್ಲರೂ ಸುಮ್ಮನಾದರು.
ಬೆಳಗು ಬೈಗು ಮರ ಹತ್ತಿ ನೀರಾ ಇಳಿಸುವವನ ಮಗ ಕಬೂವಾ
ಬಹಳ ಹೊತ್ತಿನ ಮೇಲೆ ಕೇಳಿದ:
‘ಅಲ್ಲಿಂದ ಇಳಿಯುವಷ್ಟರಲ್ಲಿ ನೀರಾ ಹುಳಿಯಾಗುವುದಿಲ್ಲವೆ?’

ನಡುಪುಟಕ್ಕೆ ಬಂದಾಗಲೇ ಜಗಳ.
ಇಡೀ ಲೋಕ ಎರಡು ಹಾಳೆಗೆ ಮೈಚಾಚಿತ್ತು.
ನಾವೆಲ್ಲಿ?
ಬಲದಂಚಿನ ನೀಲಿ ಮುಗಿಯುವಲ್ಲಿ, ಚುಕ್ಕಿಯೂ ಇಲ್ಲದೆ.
ಚಿತ್ರ ಬರೆದವನು ಅಲ್ಲೊಂದು ಬಾಲ ಎತ್ತಿ ನಿಲ್ಲಿಸಿದ್ದ,
ಮೀನಿಲ್ಲದ ಬಾಲ.
ಎಡದಂಚಿನಲ್ಲಿ, ಲೋಕದ ಆಚೆ ತುದಿಗೆ,
ಒಂದು ತಲೆ. ಬಾಲವಿಲ್ಲದ್ದು.
‘ಯಾರೋ ಕಡಿದಿದ್ದಾರೆ’ ಎಂದ ಒಬ್ಬ.
‘ಎರಡು ಬೇರೆ ಬೇರೆ’ ಎಂದಳು ಇನ್ನೊಬ್ಬಳು.
ಮೀನು ಕಡಿಯುವ ಮನೆಯ ಮಕ್ಕಳು, ಸುಲಭಕ್ಕೆ ಬಿಡುವವರಲ್ಲ.

ಹೊಲಿಗೆ ಮೊದಲೇ ಸಡಿಲಿತ್ತು, ನಿಜ.
ಆದರೂ ಆ ಹಾಳೆಗಳನ್ನು ಕಬೂವಾ ಎಳೆದಾಗ ಬಂದ ಸದ್ದು
ನನ್ನ ಹೊಟ್ಟೆಯಲ್ಲೇ ಹರಿದಂತೆ.
ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು
ಚಾಪೆ ಸುತ್ತುವಂತೆ ಲೋಕವನ್ನು ಸುತ್ತಿದ;
ಬಲದಂಚಿಗೆ ಎಡದಂಚು ಮುಟ್ಟಿತು,
ಬಾಲ ಹೋಗಿ ತಲೆಗೆ ಕೂಡಿತು,
ಮೈತುಂಬ ಒಂದೇ ತಿಮಿಂಗಿಲ.
ಅದರ ಬೆನ್ನ ಮೇಲೆ, ಕೂಡಿದ ಗೆರೆಯ ಪಕ್ಕ,
ರೋತಿಯಾ ಪೆನ್ಸಿಲಿನಿಂದ ನಮ್ಮನ್ನು ಇಟ್ಟಳು.
ಎಳ್ಳಿಗಿಂತ ಚಿಕ್ಕದು.

ಮನೆಯಾಬಾದ ಕಂಬಕ್ಕೆ ಈಗ ನಾರಿನಿಂದ ಕಟ್ಟಿದ್ದೇವೆ ಅದನ್ನು.
ಊರವರು ಸಭೆಗೆ ಬಂದಾಗ ಒರಗಿ ಒರಗಿ
ಒಂದು ಖಂಡ ಆಗಲೇ ಸವೆದಿದೆ.

ತಪಾಸಣೆಗೆ ಬಂದ ಇಯೋತೆಬಾ ಸಾಹೇಬರು
ಅಟ್ಲಾಸಿನ ಪುಟ ಎಣಿಸಿ, ಕನ್ನಡಕ ಏರಿಸಿ,
‘ಎರಡು ಹಾಳೆ ಕಾಣೆ’ ಎಂದು ದಾಖಲೆಯಲ್ಲಿ ಬರೆದರು.
ಕಾರಣ ಎಂಬ ಜಾಗದಲ್ಲಿ ಏನು ಬರೆಯಲಿ ಅಂದರು.
ಕಂಬದ ಕಡೆ ಕೈ ತೋರಿಸಿದೆ.

ಎದ್ದು ಹೋದರು. ಒಂದು ಸುತ್ತು ಬಂದರು.
ಎಲ್ಲಿಂದ ಹೊರಟಿದ್ದೆ ಎಂದು ಮರೆತವರ ಹಾಗೆ
ಇನ್ನೊಂದು ಸುತ್ತು.
ಅವರ ಹಿಂದೆ ಸಾಲಾಗಿ ಮಕ್ಕಳು,
ತಲೆ ಸಿಕ್ಕಿತು, ಮೈ ಸಿಕ್ಕಿತು, ಬಾಲ ಸಿಕ್ಕಿತು ಎನ್ನುತ್ತಾ.

ಕಾರಣದ ಜಾಗ ಹಾಗೇ ಖಾಲಿ ಉಳಿದಿದೆ.
ಹಡಗು ಕೂಗಿದ್ದು ಕೇಳಿಸಿ ಅವರು ಓಡಿದರು,
ಪೆನ್ನು ಇಲ್ಲೇ ಬಿಟ್ಟು.