ಕೇಳದವಳ ಮನೆ

ಎರಡು ಚಳಿಗಾಲದಿಂದ ಕಡಲು ಮೆಲ್ಲುತ್ತಿತ್ತು
ಒತೀಲಿಯಾಳ ಮನೆಯಡಿಯ ದಿಬ್ಬವನ್ನು.
ಚಿಲೊಯೆ ದ್ವೀಪದ ಈ ಮೂಲೆಯಲ್ಲಿ ಅದು ಗುಟ್ಟೇನಲ್ಲ.
ದೋಣಿಯಿಂದಲೇ ಕಾಣುತ್ತಿತ್ತು:
ಅಡುಗೆಮನೆಯ ಒಂದು ಅಂಚು ಬರೀ ಗಾಳಿಯ ಮೇಲೆ,
ಬೇಲಿಯ ಮೂರು ಗೂಟ ತಂತಿಗೆ ಜೋತುಬಿದ್ದು.

ನನ್ನಲ್ಲಿ ಎರಡು ಜೋಡಿ ಎತ್ತು. ಬಾವುದೀಲಿಯೊನಲ್ಲಿ ಒಂದು.
ಹಗ್ಗ ಚರ್ಚಿನ ಅಟ್ಟದಲ್ಲಿದೆ.
ಮನೆಯನ್ನು ಮನೆಯಾಗಿಯೇ,
ಪರದೆ, ಮೊಳೆಗೆ ತೂಗಿದ ಸಂತನ ಪಟ, ಕಪಾಟಿನ ಬಟ್ಟಲು ಸಮೇತ,
ದಿಮ್ಮಿಗಳ ಮೇಲೆ ಜಾರಿಸಿ ಗುಡ್ಡ ಹತ್ತಿಸಿದವರು ನಾವು.
ನನ್ನ ಅಜ್ಜನ ಮನೆ ಮೂರು ಊರು ಕಂಡಿದೆ.

'ಮತ್ತೇಕೆ ಸುಮ್ಮನಿದ್ದೀರಿ?'
ಸಾಂತಿಯಾಗೊದಿಂದ ಬಂದ ದಾದಿ, ನನ್ನ ತೋಳಿಗೆ ಪಟ್ಟಿ ಸುತ್ತುತ್ತ.
'ಅವಳು ಕೇಳಿಲ್ಲ,' ಎಂದೆ.
ಪಟ್ಟಿ ಬಿಗಿಯಾಯಿತು.
ರಕ್ತದೊತ್ತಡ ಎಷ್ಟೆಂದು ಹೇಳದೆ ಬರೆದುಕೊಂಡಳು.

ಇಲ್ಲಿ ಮನೆ ಸಾಗಿಸಬೇಕಾದವರು
ಭಾನುವಾರ ಒಗೆದ ಬಟ್ಟೆ ತೊಟ್ಟು ಮನೆಮನೆಗೆ ಬರಬೇಕು.
ಹೊಸ್ತಿಲಾಚೆ ನಿಂತು, 'ಬೇಡಲು ಬಂದೆ' ಎನ್ನಬೇಕು,
ಆ ಮಾತೇ, ಬೇರೆಯದಲ್ಲ.
ನಾವು ಕಿವಿ ಕೇಳದವರ ಹಾಗೆ ಒಲೆಗೊಂದು ಕಟ್ಟಿಗೆ ನೂಕಿ,
ಸೇಬಿನ ಚಿಚಾ ಬಗ್ಗಿಸಿ ಕೊಟ್ಟು,
ಆಮೇಲೆ ಕೇಳಬೇಕು: 'ಎಷ್ಟು ಜೋಡಿ?'
ಕರೆಯದೆ ಎತ್ತು ಹೊಡೆದುಕೊಂಡು ಹೋದವನು
ನೆರವಿಗೆ ಹೋದವನಲ್ಲ,
ನಿನ್ನ ಕೈ ಸೋತಿತು ಎಂದು ಡಂಗುರ ಸಾರಲು ಹೋದವನು.

ಅವಳೇಕೆ ಕೇಳಲಿಲ್ಲ, ಅದೂ ಗೊತ್ತು.
ಗಂಡ ಎರಾಸ್ಮೊ ಸಾಲ್ಮನ್ ಕಾರ್ಖಾನೆಯ ಸಂಬಳ ಕಂಡವನು;
ಅವನ ಚಾವಣಿಗೆ ಕೈಹಚ್ಚಿದ ನಮಗೆಲ್ಲ
ಊಟ ಬಡಿಸಲಿಲ್ಲ, ಲಕೋಟೆ ಹಂಚಿದ.
ಯಾರ ಹಂಗೂ ಬೇಡಪ್ಪ, ಎಂದ, ನಗುತ್ತ.
ನಾನೂ ತಕ್ಕೊಂಡೆ. ಅದರಲ್ಲಿ ಕೊಂಡ ರೇಡಿಯೊ
ಈಗಲೂ ಗಾಳಿ ಮಳೆಯ ಸುದ್ದಿ ಹೇಳುತ್ತದೆ.
ಆಮೇಲೆ ತೀರಿಸಲು ಮುಯ್ಯಿ ಉಳಿಯಲಿಲ್ಲ, ಕೇಳಲು ಬಾಯಿಯೂ.
ಅವನು ಸತ್ತ. ಲಕೋಟೆಗಳು ನಿಂತವು.
ಅವಳ ಪಾಲಿಗೆ ಉಳಿದದ್ದು
ಒಬ್ಬರೂ ಬಾಕಿಯಿರದ ಊರು.

ಫೆಬ್ರವರಿಯ ಒಂದು ಭಾನುವಾರ, ಒಗೆದ ಅಂಗಿ ತೊಟ್ಟು
ನಾನೇ ಹೋಗಿ ಅವಳ ಹೊಸ್ತಿಲಾಚೆ ನಿಂತೆ.
ಕಾಲಡಿ ಹಲಗೆ ನಡುಗುತ್ತಿತ್ತು, ಅಲೆಗೋ ನನಗೋ.
'ಬೇಡಲು ಬಂದೆ. ಆಲೂಗೆಡ್ಡೆ ಅಗೆಯಲು ಆಳಿಲ್ಲ.'

ಮೂರು ದಿನ ಅಗೆದಳು.
ಎರಡನೆಯ ಸಾಲಿನಲ್ಲೇ ಒಂದು ಗೆಡ್ಡೆ ಎತ್ತಿ
ಹೆಬ್ಬೆರಳಿಂದ ಉಜ್ಜಿದಳು;
ಸಿಪ್ಪೆ ಹಸಿಹಸಿಯಾಗಿ ಸುಲಿದು ಬಂತು.
ಇನ್ನೂ ಒಂದು ತಿಂಗಳು ಮಣ್ಣಲ್ಲಿರಬೇಕಾದದ್ದು.
ನನ್ನ ಕಡೆ ನೋಡಿದಳು.
ಗೆಡ್ಡೆಯನ್ನು ಬುಟ್ಟಿಗೆ ಹಾಕಿ ಮತ್ತೆ ಬಗ್ಗಿದಳು.

ಆ ಮೂರು ದಿನದಲ್ಲಿ ದಿಬ್ಬ ಕುಸಿದಿದ್ದರೆ?
ಇದನ್ನೂ ದಾದಿಯೇ ಕೇಳಿದ್ದು.
ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಆ ವರ್ಷವಿಡೀ ನಮ್ಮ ತಟ್ಟೆಯಲ್ಲಿ ನೀರುನೀರು ಗೆಡ್ಡೆ.
ಹೆಂಡತಿ ಕ್ಲೊರಿಂದಾ ಉಪ್ಪು ಜಾಸ್ತಿ ಹಾಕಿದಳು, ಮಾತು ಕಡಿಮೆ.

ಮುಂದಿನ ಭಾನುವಾರ ಬಾಗಿಲು ಸದ್ದಾಯಿತು.
ಕರಿಯ ಶಾಲು, ಉಗುರಿನಲ್ಲಿನ್ನೂ ನಮ್ಮ ಹೊಲದ ಮಣ್ಣು.
ಆ ಮಾತು ಹೇಳಿದಳು, ಹೇಳಬೇಕಾದ ಹಾಗೆಯೇ.
ನಾನು ಕಿವುಡನಾಗಿ ಒಲೆಯ ಮುಂದೆ ಕೂತು
ಒಂದು ಕಟ್ಟಿಗೆಯ ಬದಲು ನಾಲ್ಕು ನೂಕಿದೆ.
ಕಿಟಕಿಯಾಚೆ ಬಾವುದೀಲಿಯೊ
ಎತ್ತುಗಳಿಗೆ ನೀರು ತೋರಿಸುತ್ತಿದ್ದ;
ಅವನ ಬಾಗಿಲಿಗೆ ಅವಳಿನ್ನೂ ಹೋಗಿರಲಿಲ್ಲ.