ಕೋಷ್ಟಕ ನಾಲ್ಕು

ಅಚ್ಚಾದ ಲೇಖನದ ನಾಲ್ಕನೇ ಕೋಷ್ಟಕದಲ್ಲಿ
ನಾನೇ ಬರೆದದ್ದು:
ಗಂಗಾವತಿ ಎಆರ್‌ಟಿ ಕೇಂದ್ರ.
ಸಂಪರ್ಕ ತಪ್ಪಿದವರು, ನಲವತ್ತೊಂದು.

ರಾಯಚೂರು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ
ಆ ನಲವತ್ತೊಂದರಲ್ಲಿ ಒಬ್ಬಳು
ಮಿರ್ಚಿ ತಿನ್ನುತ್ತ ಕೂತಿದ್ದಳು.
"ಮೇಡಂ, ಆರಾಮ?" ಅಂದಳು ಕಾರಟಗಿಯ ತಿಪ್ಪವ್ವ.

ಗಂಗಾವತಿ ದವಾಖಾನೆಯಲ್ಲಿ ನಾದಿನಿಯ ಗಂಡ
ಕಸ ಹೊಡೆಯುತ್ತಾನಂತೆ.
ಅದಕ್ಕೇ ಇಷ್ಟು ದೂರ, ತಿಂಗಳಿಗೊಮ್ಮೆ,
ಅಕ್ಕಿ ಗಿರಣಿಯ ಒಂದು ದಿನದ ಪಗಾರ ಬಿಟ್ಟು.

ಚೀಲದೊಳಗೆ ಡಬ್ಬಿ. ಗುಳಿಗೆ ಗಲಗಲ ಅನ್ನದಂತೆ
ಹತ್ತಿ ತುರುಕಿದ್ದಾಳೆ.
"ಒಂದ್ ದಿನಾನೂ ತಪ್ಪಿಸಿಲ್ರಿ.
ನೀವ್ ಬರದಿದ್ರಾಗ ನಾ ಹೆಂಗದೀನಿ?"

ಸಿಂಧನೂರು ಗಾಡಿ ಬಂತು.
ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದು
ಓಡಿದಳು, ಉತ್ತರಕ್ಕೆ ನಿಲ್ಲದೆ.

ನನ್ನ ಕೈಯಲ್ಲಿ
ಅವಳು ಮುರಿದುಕೊಟ್ಟ ಅರ್ಧ ಮಿರ್ಚಿ,
ಇನ್ನೂ ಸುಡುತ್ತಿತ್ತು.